ಉಳಿಕೆ

ಏಸಿಯ ಕೊಳವೆಗೆ ಬಕೆಟ್ ಇಟ್ಟಿದ್ದೇನೆ.
ಶಾರ್ಜಾ, ಅಬು ಶಗಾರಾ, ಆರನೇ ಮಹಡಿ.
ಒಂದು ರಾತ್ರಿಗೆ ನಾಲ್ಕು ಲೀಟರು:
ಕೊಲ್ಲಿಯ ಬೆವರು, ಉಪ್ಪು ಕಳೆದುಕೊಂಡು ಬಂದದ್ದು.
ಅದನ್ನೇ ಸೋಸಿ, ಕಾಸಿ, ತಣಿಸಿ
ಕಾಸ್ಟಿಕ್ ಸುರಿಯುತ್ತೇನೆ. ನೀರಿಗೆ ಕಾಸ್ಟಿಕ್ಕು,
ಕಾಸ್ಟಿಕ್ಕಿಗೆ ನೀರಲ್ಲ. ಇದೊಂದು ತಪ್ಪಿದರೆ
ಮುಖಕ್ಕೇ ಉಗಿಯುತ್ತದೆ.
ಮದುವೆಯ ವಾರ ದೊಡ್ಡಮ್ಮ ಹೀಗೇ ಏನೋ ಹೇಳಿದ್ದಳು,
ಯಾವುದನ್ನು ಯಾವುದಕ್ಕೆ ಎಂಬುದು ಮರೆತಿದೆ.

ತೆಂಗಿನೆಣ್ಣೆ ರೋಲಾದ ಮಲಬಾರಿಯದು,
ಆಲಿವ್ ಸಿರಿಯಾದವನದು.
ತಿರುವಬೇಕು, ಚಮಚ ಎತ್ತಿದರೆ
ದೋಸೆ ಹಿಟ್ಟಿನ ಮೇಲಿನ ಹಾಗೆ ಗೆರೆ ನಿಲ್ಲುವ ತನಕ.
ಆಮೇಲೆ ಆರು ವಾರ, ಬೀರುವಿನ ನೆತ್ತಿಯ ಮೇಲೆ.
ಇವರ ಶರಟಿಗೆಲ್ಲ ಊದ್ ಹತ್ತಿದೆ. ಕಾರ್ಗೋ ಆಫೀಸಿನಲ್ಲಿ
ಏನು ಶೇಖ್, ಸಂಬಳ ಜಾಸ್ತಿಯಾಯಿತಾ, ಅನ್ನುತ್ತಾರಂತೆ.

ಮಲ್ಲಿಗೆ ಇಲ್ಲವಾ? ಊರಿನವರದು ಒಂದೇ ಪ್ರಶ್ನೆ.
ಇಲ್ಲ.
ವಿಮಾನದಲ್ಲಿ ಬಂದ ಒಂದು ಅಟ್ಟೆಯನ್ನೇ ತಂದು
ಬಾಳೆನಾರಿನ ಸಮೇತ ಮೂರು ದಿನ ಎಣ್ಣೆಯಲ್ಲಿಟ್ಟೆ.
ಕಾಸ್ಟಿಕ್ಕು ಮುಟ್ಟಿದ್ದೇ ಹೋಯಿತು.
ಬಾಟಲಿಯಲ್ಲಿ ಸಿಗುವುದು ಬೇರೆ,
ಗೋಡೆಯಾಚೆ ಯಾರದೋ ಮದುವೆ ನಡೆದಂತೆ.
ಅದನ್ನೇ ಹಾಕಿ ಮಾರಬಹುದಿತ್ತು.
ಮಾರುವವರ ಹೆಸರೂ ಗೊತ್ತಿದೆ.

ಆಗಸ್ಟಿನಲ್ಲಿ ಸಾಬೂನು ಬೆವರುತ್ತದೆ.
ಉಮ್ ಗಾನಿಮ್ ಫೋಟೊ ಕಳಿಸಿದರು:
ಲುಬಾನಿನ ಬಿಲ್ಲೆಯ ಮೇಲೆ ಹನಿ ಹನಿ,
ಕೆಳಗೊಂದು ಪ್ರಶ್ನಾರ್ಥಕ ಚಿಹ್ನೆ.
ಗ್ಲಿಸರಿನ್ ಗಾಳಿಯ ನೀರು ಕುಡಿಯುತ್ತದೆ, ಹಾಳಾಗಿಲ್ಲ,
ಎಂದು ನನ್ನ ಹರಕು ಅರಬಿಯಲ್ಲಿ ಹೇಳಹೋಗಿ
ಸಾಬೂನಿಗೆ ಬಾಯಾರಿಕೆ ಎಂದೆ.
ನಕ್ಕರು. ಇನ್ನೂ ಹನ್ನೆರಡು ಹೇಳಿದರು.

ಅರ್ಜಿಯಲ್ಲಿ ಒಂದೊಂದು ಪರಿಮಳಕ್ಕೆ ಒಂದೊಂದು ಹಾಳೆ,
ಹಾಳೆಗೊಂದು ಶುಲ್ಕ.
ಒಂಬತ್ತಿದ್ದದ್ದು ಮೂರಾಯಿತು: ಊದ್, ಲುಬಾನ್, ಗುಲಾಬಿ.
ಲಾವಂಚ ಬಿಟ್ಟೆ. ಬಿಟ್ಟ ದಿನ
ಅದೇ ಎಲ್ಲಕ್ಕಿಂತ ಘಮ್ಮೆಂದಿತು.

ಅಂಚು ಕೆತ್ತಿದ್ದು, ಮೂಲೆ ಮುರಿದದ್ದು, ಚಾಕುವಿಗಂಟಿದ್ದು
ಎಲ್ಲ ಒಟ್ಟು ಮಾಡಿ, ಒದ್ದೆ ಕೈಯಲ್ಲಿ ಪುಂಡಿ ಕಟ್ಟಿದ ಹಾಗೆ ಕಟ್ಟಿ
ವಾಚ್‌ಮನ್ ಮೊತಾಲೆಬನಿಗೆ ಕೊಡುತ್ತಿದ್ದೆ.
ಬಣ್ಣ, ನೀಲಿಗಟ್ಟಿದ ಪೆಟ್ಟು ಮಾಗುವಾಗಿನದು.
ಪರಿಮಳಕ್ಕೆ ಹೆಸರಿಲ್ಲ.
ಒಬ್ಬನಿಗೆ ಇಷ್ಟೊಂದು ಯಾಕೆ ಎಂದು ನಾನೂ ಕೇಳಲಿಲ್ಲ.

ಮೊನ್ನೆ ಸಜ್ಜಾದ ಕ್ಯಾಂಪಿನಿಂದ ಫೋನು.
ಸಾಬೂನ್ ಆಪಾ? ಆ ಗುಂಡಗಿನದು ನಲವತ್ತು ಬೇಕು.
ಗ್ರೀಸು ಹೋಗುತ್ತೆ. ಆಮೇಲೆ ಕೈ
ಎಲ್ಲಿಗೋ ಹೋಗಿ ಬಂದ ಹಾಗಿರುತ್ತೆ.

ಉಂಡೆಗೊಂದು ದಿರ್ಹಮಿನಂತೆ ಮೊತಾಲೆಬ್ ಮಾರುತ್ತಿದ್ದ.
ಲೈಸೆನ್ಸಿಲ್ಲದೆ. ನನಗಿಂತ ಹೆಚ್ಚು.
ಬೈಯಲೆಂದೇ ಕೆಳಗಿಳಿದೆ. ನೋಟ್‌ಬುಕ್ ತೆಗೆದ:
ಹೆಸರು, ಕೋಣೆ, ಬಾಕಿ. ನನ್ನ ಪುಸ್ತಕಕ್ಕಿಂತ ಚೊಕ್ಕ.
ಅರ್ಧ ನಿಮ್ಮದು, ಎತ್ತಿಟ್ಟಿದ್ದೇನೆ, ಎಂದ.
ನಂಬಿದೆನೋ ಇಲ್ಲವೋ,
ಎಣಿಸಿಕೊಂಡೆ.

ಈಗ ಲೆಕ್ಕ ಹೀಗಿದೆ. ನೂರು ಬಿಲ್ಲೆ ಕತ್ತರಿಸಿದರೆ
ನಾಲ್ಕು ಉಂಡೆಗಾಗುವಷ್ಟು ಚೂರು.
ನಲವತ್ತಕ್ಕೆ ಸಾವಿರ ಬಿಲ್ಲೆ ಖರ್ಚಾಗಬೇಕು.
ಉಳಿಕೆಗೆ ಆರ್ಡರು ಬಂದಿದೆ,
ಉಳಿಯುವಷ್ಟು ಮಾರಾಟವಿಲ್ಲ.

ಇವರು ಮಲಗಿದ ಮೇಲೆ
ಕ್ಯಾರೆಟ್ ತುರಿಯುವ ಮಣೆ ಹಿಡಿದು ಕೂತಿದ್ದೇನೆ.
ಮುಂದೆ ಒಂದು ಊದ್, ಮೂವತ್ತೈದು ದಿರ್ಹಮಿನದು,
ಅಂಚು ಮುರಿದಿಲ್ಲ, ಕಲೆಯಿಲ್ಲ, ಯಾವ ತಪ್ಪೂ ಇಲ್ಲ.
ಬಕೆಟಿನಲ್ಲಿ ತೊಟ್ಟಿಕ್ಕುವ ಸದ್ದು ದಪ್ಪಗಾಯಿತು, ತುಂಬುತ್ತಿದೆ.
ನಾಲ್ಕನೆಯ ಹಾಳೆಯಲ್ಲಿ ‘ಪರಿಮಳ’ ಅನ್ನುವಲ್ಲಿ
ಏನು ಬರೆಯುವುದೆಂದು
ಬೆಳಿಗ್ಗೆ ಮೊತಾಲೆಬನನ್ನೇ ಕೇಳಬೇಕು.